ಸಂತೆ ಬಯಲಿನ ಮಣ್ಣಿನ ಮುಟಗಿ

ನಮ್ಮೂರಿನ ಹಳೇ ದನದ ಸಂತೆಯ ಬಯಲಲ್ಲಿ ಮನುಷ್ಯರ ದನಿ ಹೊರಡುತ್ತಿರಲಿಲ್ಲ. ದನ ಕೂಗಿದರೆ ಕೇಳುತ್ತಿತ್ತು, ನಾಯಿ ಬೊಗಳಿದರೆ ಕೇಳುತ್ತಿತ್ತು, ಕಾಗೆಗಳ ಗದ್ದಲವಂತೂ ಹೇಳುವುದೇ ಬೇಡ. ಮನುಷ್ಯ ಮಾತ್ರ ಅಂಚಿನ ಸಾಲುಗಲ್ಲು ದಾಟಿದನೆಂದರೆ ತುಟಿ ಆಡುತ್ತಿದ್ದವು, ಮಾತು ಬರುತ್ತಿರಲಿಲ್ಲ. ಯಾಕೆ ಎಂದು ನನ್ನನ್ನು ಕೇಳಬೇಡಿ. ನಾನು ಈ ಊರಿಗೆ ಸೊಸೆಯಾಗಿ ಬಂದವಳು. ಮೊದಲ ವರ್ಷ ನಾನೂ ಕಂಡಕಂಡವರನ್ನು ಕೇಳಿದೆ, ಆಮೇಲೆ ಬಿಟ್ಟೆ. ಇಲ್ಲಿ ಹುಟ್ಟಿದವರಿಗೆ ಅದು ಊರ ಬಾವಿಯ ನೀರು ಸ್ವಲ್ಪ ಸವಳು ಎಂಬಷ್ಟೇ ಸಾಮಾನ್ಯ ಸಂಗತಿ.

ಹಠ ಹಿಡಿದ ಕೂಸುಗಳನ್ನು ತಾಯಂದಿರು ಅಲ್ಲಿಗೆ ಎತ್ತಿಕೊಂಡು ಹೋಗುತ್ತಿದ್ದರು. ಕೂಸು ಬಾಯಿ ತೆರೆದು ಅಳುತ್ತಿತ್ತು, ತನ್ನ ಅಳು ತನಗೇ ಕೇಳಿಸದೆ ಕಕ್ಕಾಬಿಕ್ಕಿಯಾಗಿ ಅವ್ವನ ಮುಖ ನೋಡುತ್ತಿತ್ತು, ಸುಮ್ಮನಾಗುತ್ತಿತ್ತು. ಜಗಳ ಹತ್ತಿದ ಗಂಡ ಹೆಂಡಿರಿಗೆ ಹಿರಿಯರು ಬಯಲನ್ನು ಎರಡು ಸುತ್ತು ಹಾಕಿ ಬರಲು ಹೇಳುತ್ತಿದ್ದರು. ಹುಡುಗರ ಕ್ರಿಕೆಟ್ಟಿನಲ್ಲಿ ಔಟ್ ಎಂದು ಯಾರೂ ಕೂಗುವ ಹಾಗಿರಲಿಲ್ಲ, ಆದ್ದರಿಂದ ತಕರಾರೂ ಇರಲಿಲ್ಲ. ಚುನಾವಣೆಗೆ ನಿಂತವರು ಮಾತ್ರ ಅಪ್ಪಿತಪ್ಪಿಯೂ ಆ ಕಡೆ ಸುಳಿಯುತ್ತಿರಲಿಲ್ಲ.

ನಮ್ಮ ಮಾವ ಹೊಳೆಯಪ್ಪ ಆ ಸಂತೆಯ ದೊಡ್ಡ ದಲ್ಲಾಳಿ. ಬೇರೆ ಊರಿನ ಸಂತೆಗಳಲ್ಲೂ ಟವೆಲ್ಲಿನ ಕೆಳಗೆ ಕೈ ಹಿಡಿದು ಬೆರಳಿನಲ್ಲೇ ದರ ಮಾತಾಡುತ್ತಾರೆ, ಪಕ್ಕದವನಿಗೆ ಗೊತ್ತಾಗಬಾರದೆಂದು. ನಮ್ಮಲ್ಲಿ ಬೇರೆ ದಾರಿಯೇ ಇರಲಿಲ್ಲ. ಹಾಗಾಗಿ ನಮ್ಮವರ ಬೆರಳು ದರ ಹೇಳಿ ಸುಮ್ಮನೆ ಕೂಡಲಿಲ್ಲ, ಮುಂದಕ್ಕೂ ಮಾತು ಕಲಿಯಿತು. ದರ ಕುದುರಿದ ಮೇಲೆ ಮಾರುವವನು ಕೈ ಬಿಡದೆ ದನದ ಗುಣ ಹೇಳಬೇಕು, ಅದು ಪದ್ಧತಿ. ಅಂಗೈಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸವರಿದರೆ ಸಾಧು ಪ್ರಾಣಿ. ಗೆಣ್ಣು ಒತ್ತಿದರೆ ಒದೆಯುತ್ತದೆ, ಹುಷಾರು. ಮಣಿಕಟ್ಟನ್ನು ಎರಡು ಸಲ ಕೆರೆದರೆ ಹೊಳೆ ಕಂಡರೆ ಹೆದರುತ್ತದೆ. ಕಿರುಬೆರಳನ್ನು ಮುಷ್ಟಿಯೊಳಗೆ ಹಿಡಿದು ಸ್ವಲ್ಪ ಹೊತ್ತು ಬಿಡದೇ ಇದ್ದರೆ, ಇದನ್ನು ಒಂಟಿ ಕಟ್ಟಬೇಡ, ಜೋಡಿ ಇಲ್ಲದಿದ್ದರೆ ಮೇವು ಮುಟ್ಟುವುದಿಲ್ಲ ಎಂದರ್ಥ. ಅದಕ್ಕೆ ಕೊಳ್ಳುವವನು ತೋರುಬೆರಳು ನಡುಬೆರಳು ಕೂಡಿಸಿ ಅವನ ಅಂಗೈಯಲ್ಲಿ ಒತ್ತಬೇಕು. ಜೋಡಿ ಇದೆ, ಚಿಂತೆ ಬೇಡ ಎಂದು. ಗುಣ ಕೇಳುವ ಮೊದಲೇ ಕೈ ಎಳೆದುಕೊಂಡವನಿಗೆ ಮಾವ ಎರಡನೇ ಸಲ ದನ ಕೊಡಿಸುತ್ತಿರಲಿಲ್ಲ.

ನಾನು ಹೊಸ ಸೊಸೆಯಾಗಿದ್ದಾಗ ಮಂಗಳವಾರದ ಸಂತೆಗೆ ಅವರ ಬುತ್ತಿ ಒಯ್ಯುವುದು ನನ್ನ ಪಾಲಿಗೆ ಬಂತು. ಮನೆಯಲ್ಲಿ ಮಾವನ ಎದುರು ನಿಂತು ಮಾತಾಡುವ ರೂಢಿ ಇರಲಿಲ್ಲ. ತಲೆಯ ಮೇಲೆ ಸೆರಗು, ಬಾಯಲ್ಲಿ ಹೂಂ, ಊಹೂಂ, ಮುಗಿಯಿತು. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರಿಂದ ನಡುವೆ ಮಾತು ದಾಟಿಸುವವರೂ ಇರಲಿಲ್ಲ. ಆದರೆ ಬಯಲಲ್ಲಿ ಇನ್ನೊಂದು ರೊಟ್ಟಿ ಹಾಕಲೇ ಎಂದು ಕೇಳುವುದಕ್ಕೂ ಬೆರಳು ಬೇಕು. ಮಾವ ಒಂದು ದಿನ ಟವೆಲ್ ಹಾಸಿ, ಅದರ ಕೆಳಗೆ ಕೈ ಇಟ್ಟು, ನನಗೆ ಮೊದಲ ಮಾತು ಕಲಿಸಿದರು. ಖಾರ ಕಡಿಮೆ. ಎರಡು ವರ್ಷದಲ್ಲಿ ನಾವು ಮಾವ ಸೊಸೆ ಊರಿನ ಸುದ್ದಿಯನ್ನೆಲ್ಲ ಟವೆಲ್ಲಿನ ಕೆಳಗೆ ಆಡಿಕೊಳ್ಳುತ್ತಿದ್ದೆವು. ಮಾತು ಬರುವ ಮನೆಯಲ್ಲಿ ಮೂಕರು, ಮಾತು ಬಾರದ ಬಯಲಲ್ಲಿ ವಾಚಾಳಿಗಳು. ತವರಿನಲ್ಲಿ ಅಪ್ಪನ ಮುಖ ನೆನಪಿಲ್ಲದವಳು ನಾನು. ಸಂತೆ ದಿನ ಬಂತೆಂದರೆ ತವರಿಗೆ ಹೊರಟಷ್ಟು ಖುಷಿಯಾಗುತ್ತಿತ್ತು ಎಂದು ಹೇಳಲು ನನಗೇನೂ ನಾಚಿಕೆಯಿಲ್ಲ.

ನನ್ನ ಗಂಡ ಶೇಖಪ್ಪನಿಗೆ ಆ ಬಯಲೆಂದರೆ ಆಗುತ್ತಿರಲಿಲ್ಲ. ಬೆರಳ ಮಾತು ನನಗೆ ಬರುವುದಿಲ್ಲ, ಬೇಕಾಗಿಯೂ ಇಲ್ಲ ಎನ್ನುತ್ತಿದ್ದರು. ಅವರು ದೊಡ್ಡವರಾದ ಮೇಲೆ ಹಾಕಿದ್ದು ಮೈಕ್ ಸೆಟ್ಟಿನ ಅಂಗಡಿ, ಶೇಖಪ್ಪ ಸೌಂಡ್ಸ್. ಸುತ್ತ ಹತ್ತು ಹಳ್ಳಿಯ ಮದುವೆ, ಮುಂಜಿವೆ, ಉರುಸು, ಗಣಪತಿ, ಎಲ್ಲಕ್ಕೂ ಇವರದೇ ಗದ್ದಲ. ಮನುಷ್ಯ ಒಳ್ಳೆಯವರು, ದನಿ ಮಾತ್ರ ಮನೆಯಲ್ಲೂ ಅಂಗಡಿಯ ಅಳತೆಯದೇ. ಪಕ್ಕದ ಮನೆಯವರಿಗೆ ನಮ್ಮಲ್ಲಿ ಏನು ಪಲ್ಯ ಎಂದು ಕೇಳುವ ಅಗತ್ಯ ಎಂದೂ ಬೀಳಲಿಲ್ಲ.

ಸಂತೆ ಬೈಪಾಸ್ ರಸ್ತೆಗೆ ಹೋಗಿ ಹದಿನೆಂಟು ವರ್ಷವಾಯಿತು. ಮಾವನಿಗೆ ಲಕ್ವ ಹೊಡೆದು ಮೂರು ವರ್ಷ. ಬಲಗೈ ಬಿತ್ತು, ಬಾಯಿ ಒಂದು ಕಡೆ ಎಳೆಯಿತು, ಮಾತು ಹೋಯಿತು. ಏನು ಹೇಳಹೋದರೂ ಬಾ ಬಾ ಎಂಬುದೊಂದೇ ಬರುತ್ತಿತ್ತು. ನೋಡಲು ಬಂದವರು ಅವರ ಎದುರಿಗೇ ಕುಳಿತು, ಊಟ ಮಾಡುತ್ತಾರಾ, ಗುರುತು ಹಿಡಿಯುತ್ತಾರಾ ಎಂದು ನನ್ನನ್ನು ಕೇಳುತ್ತಿದ್ದರು. ಶೇಖಪ್ಪ ಅವರ ಕಿವಿಯ ಹತ್ತಿರ ಬಾಯಿ ತಂದು, ಕಿವುಡರಿಗೆ ಕೂಗುವಂತೆ ಕೂಗುತ್ತಿದ್ದರು. ಮಾವನ ಕಿವಿ ಚೆನ್ನಾಗಿಯೇ ಇತ್ತು. ಬಾಯಿಯ ಓರೆಯಿಂದ ಅನ್ನ ಜಾರುತ್ತದೆಂದು ಅವರು ಎಲ್ಲರ ಜೊತೆ ಉಣ್ಣುವುದನ್ನು ಬಿಟ್ಟು ಪಡಸಾಲೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಉಣ್ಣತೊಡಗಿದರು.

ಕೋಲು ಹಿಡಿದು ನಡೆಯಲು ಬಂದ ದಿನವೇ ಅವರು ಟವೆಲ್ ಹೆಗಲಿಗೆ ಹಾಕಿ ಬಯಲಿಗೆ ಹೋದರು. ಆಮೇಲೆ ದಿನಾ ಬೆಳಿಗ್ಗೆ ಹೋದವರು ಮಧ್ಯಾಹ್ನ ನಾನು ಬುತ್ತಿ ಒಯ್ದ ಮೇಲೆ ನನ್ನ ಜೊತೆ ಬರುತ್ತಿದ್ದರು. ಅಲ್ಲಿ ಅವರು ರೋಗಿ ಅಲ್ಲ. ಬಾಯಿ ತೆರೆದರೆ ಮಾತು ಬಾರದ್ದು ಮಾಸ್ತರರಿಗೂ ಅಷ್ಟೇ, ಸಾಹುಕಾರರಿಗೂ ಅಷ್ಟೇ. ಹಳೇ ಗೆಳೆಯರು ಬಂದು ಎಡಗೈ ಹಿಡಿಯುತ್ತಿದ್ದರು. ಅಲ್ಲಿ ಕುಳಿತಾಗ ಮಾವನ ಮುಖದ ಓರೆ ಕೂಡ ಅರ್ಧ ನೆಟ್ಟಗಾದಂತೆ ಕಾಣುತ್ತಿತ್ತು.

ಹೀಗಿರುವಾಗ ಪುರಸಭೆಯವರು ನೀರಿನ ಟ್ಯಾಂಕಿಗೆಂದು ಬಯಲಲ್ಲಿ ಜೆಸಿಬಿ ಹಚ್ಚಿದರು. ಎರಡಾಳು ಆಳದ ತಗ್ಗಿನಲ್ಲಿ ಕಲ್ಲಿನ ದೋಣಿಗಳ ಸಾಲೊಂದು ಕಣ್ಣಿಗೆ ಬಿತ್ತು, ದನಕ್ಕೆ ನೀರು ಕುಡಿಸುವಂಥವು, ಇಂದಿನ ಯಾರಿಗೂ ಗೊತ್ತಿಲ್ಲದಷ್ಟು ಹಳೆಯವು. ಟ್ಯಾಂಕು ಬೇರೆ ಕಡೆ ಹೋಯಿತು. ನಗರದಿಂದ ಉತ್ಖನನದವರು ಬಂದರು. ಅವರ ಮುಖ್ಯಸ್ಥೆ ವೈಜಯಂತಿ ಮೇಡಂ, ತೆಳ್ಳಗಿನ ಹೆಂಗಸು, ತಲೆಗೆ ಗಂಡಸರ ಟೋಪಿ. ಮೊದಲ ದಿನ ಪಾಪ ತನ್ನ ಗಂಟಲೇ ಕೆಟ್ಟಿದೆಯೆಂದು ತಿಳಿದು ಬಿಡಾರಕ್ಕೆ ಹೋಗಿ ಮೂರು ಲೋಟ ಮೆಣಸಿನ ಕಷಾಯ ಕುಡಿದರಂತೆ. ಮರುದಿನದಿಂದ ಸ್ಲೇಟು ಬಳಪ ಹಿಡಿದು ಬಂದರು.

ಬಯಲನ್ನು ದಾರ ಕಟ್ಟಿ ಹನ್ನೆರಡು ಚೌಕ ಮಾಡಿದರು. ಕೂಲಿಗೆ ಹೆಂಗಸರು ಬೇಕೆಂದಾಗ ನಾನೂ ಹೋದೆ. ನನ್ನ ಕೈಯ ಚಳಕ ನೋಡಿ ಮೇಡಂ ಜರಡಿ ಕೊಟ್ಟರು. ಇಪ್ಪತ್ತೈದು ವರ್ಷ ಜೋಳದ ಹಿಟ್ಟು ಸಾಣಿಸಿದವಳಿಗೆ ಮಣ್ಣು ಯಾವ ಲೆಕ್ಕ. ಎತ್ತಿನ ಲಾಳ, ನಾಲಿಗೆ ಬಿದ್ದುಹೋದ ಗಂಟೆಗಳು, ಕೊಂಬಿಗೆ ಹಾಕುವ ಹಿತ್ತಾಳೆಯ ಬಳೆ, ದವಡೆಯ ಮೂಳೆ, ಎಲ್ಲ ನನ್ನ ಜರಡಿಯಲ್ಲೇ ಮೇಲೆ ಬಂದವು. ದವಡೆ ಸಿಕ್ಕರೆ ಮಾವ ಕುಳಿತಲ್ಲಿಂದಲೇ ಕೈ ಚಾಚಿ, ಹಲ್ಲಿನ ಮೇಲೆ ಹೆಬ್ಬೆರಳು ಆಡಿಸಿ, ದನದ ವಯಸ್ಸು ತೋರಿಸುತ್ತಿದ್ದರು. ಮೇಡಂ ಅದನ್ನು ಬರೆದುಕೊಂಡು, ನಗರದಲ್ಲಿ ಪರೀಕ್ಷೆ ಮಾಡಿಸಿ, ಸರಿಯಿದೆ ಎಂದು ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದರು. ಮಾವ ಗಲ್ಲ ತುರಿಸಿಕೊಳ್ಳುತ್ತಿದ್ದರು. ಅದರಲ್ಲೇನು ವಿಶೇಷ ಎಂಬಂತೆ.

ಎರಡನೇ ತಿಂಗಳಲ್ಲಿ ಮೊದಲನೇ ಚೌಕದ ತಳದಿಂದ ಒಂದು ಮಣ್ಣಿನ ಉಂಡೆ ಬಂತು. ಸುಟ್ಟ ಮಣ್ಣು, ಅಂಗೈಯಗಲ, ಎರಡೂ ಬದಿಗೆ ಬೆರಳಿನ ತಗ್ಗು. ಬಿಸಿ ರೊಟ್ಟಿಗೆ ಬೆಳ್ಳುಳ್ಳಿ ಖಾರ ಹಾಕಿ ಕುಟ್ಟಿ ಮುಷ್ಟಿಯಲ್ಲಿ ಹಿಚುಕಿ ಮುಟಗಿ ಮಾಡುತ್ತೇವಲ್ಲ, ಥೇಟ್ ಹಾಗೆಯೇ ಇತ್ತು. ನಾವು ಹೆಂಗಸರು ಸನ್ನೆ ಮಾಡಿಕೊಂಡು ನಕ್ಕೆವು. ಸಂಜೆಯೊಳಗೆ ಇನ್ನೂ ಆರು ಬಂದವು. ನಗರದವರು ತೂಕದ ಕಲ್ಲೆಂದರು, ಆಟಿಕೆಯೆಂದರು, ಮಡಕೆ ನಯ ಮಾಡುವ ಸಾಧನವೆಂದರು. ಕೊನೆಗೆ ಯಾವುದೂ ತೀರ್ಮಾನವಾಗದೆ ರಿಜಿಸ್ಟರಿನಲ್ಲಿ ನಾವಿಟ್ಟ ಹೆಸರನ್ನೇ ಬರೆದರು. ಮುಟಗಿ, ಒಂದರಿಂದ ಏಳು.

ಮರುದಿನ ಮಧ್ಯಾಹ್ನ ಬುತ್ತಿ ಬಿಚ್ಚುವಾಗ ನಾನು ಒಂದನ್ನು ತಮಾಷೆಗೆಂದು ಮಾವನ ತಟ್ಟೆಯಲ್ಲಿಟ್ಟೆ. ಅವರು ಎಡಗೈಯಲ್ಲಿ ಎತ್ತಿಕೊಂಡರು. ಆಚೀಚೆ ತಿರುವಿ ಬೆರಳುಗಳನ್ನು ಒಂದೊಂದಾಗಿ ತಗ್ಗುಗಳಲ್ಲಿ ಇಳಿಸಿದರು. ಹಾಗೇ ಕಣ್ಣು ಮುಚ್ಚಿದರು. ಆಮೇಲೆ ಟವೆಲ್ ಎಳೆದು ಅದರ ಕೆಳಗೆ ನನ್ನ ಕೈ ಹಿಡಿದು ಹೇಳಿದರು. ಹಸು. ಕರು ಸತ್ತಿದೆ. ಸಾಧು. ಸಂಜೆ ಹೊತ್ತು ಮೈ ಸವರಬೇಕು. ನಾನು ಎದ್ದು ಹೋಗಿ ಮೇಡಂ ಸ್ಲೇಟಿನ ಮೇಲೆ ಅಷ್ಟನ್ನೂ ಬರೆದೆ. ಅವರು ಓದಿದರು, ಮಾವನ ಕಡೆ ನೋಡಿದರು, ಮಣ್ಣಿನ ರಾಶಿಯ ಮೇಲೆ ಹಾಗೇ ಕುಳಿತುಬಿಟ್ಟರು. ಮೊದಲಿನವರು ದರದ ಮಾತು ಮುಗಿದ ಮೇಲೆ ಇಬ್ಬರ ಕೈ ನಡುವೆ ಹಸಿ ಮಣ್ಣು ಹಿಡಿದು ಗುಣ ಹೇಳಿ, ಸುಟ್ಟು, ಅಲ್ಲೇ ಹೂಳುತ್ತಿದ್ದಿರಬೇಕು, ಎರಡು ಸಾವಿರ ವರ್ಷವಾದರೂ ಆಗಿರಬಹುದು ಎಂದು ಮೇಡಂ ಬರೆದರು. ಯಾರೋ ಒಬ್ಬ, ಹೆಸರಿಲ್ಲದವನು, ಕರು ಸತ್ತ ತನ್ನ ಹಸುವಿಗಾಗಿ ಅಷ್ಟು ಕೇಳಿಕೊಂಡಿದ್ದ. ಅದು ಮಾವನ ಬೆರಳಿಗೆ ಮೊನ್ನೆ ಹೇಳಿದಂತೆ ತಿಳಿಯಿತು.

ಆ ಒಂದು ತಿಂಗಳು ಮಾವ ಮದುಮಗನ ಹಾಗೆ ಓಡಾಡಿದರು. ಬೆಳಗಾಗುವುದೇ ತಡ, ಟವೆಲ್ ಒಗೆದು ಒಣಗಿದೆಯೇ ಎಂದು ನೋಡುವುದು, ಕೋಲು ಹುಡುಕುವುದು. ಒಂದೇ ಬೆಳಿಗ್ಗೆ ಹದಿನೈದು ಮುಟಗಿ ಓದಿದ್ದೂ ಉಂಟು. ಒಂದು ಮುಟಗಿ ಓದಲು ಅವರಿಗೆ ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಸಾಕು. ಈ ಎತ್ತಿಗೆ ಗುಡುಗಿನ ಭಯ. ಈ ಎಮ್ಮೆ ನನ್ನ ಹೆಂಡತಿ ಸಾಕಿದ್ದು, ವರ್ಷಕ್ಕೊಮ್ಮೆ ತಂದು ತೋರಿಸು. ಕಿರುಬೆರಳಿನ ತಗ್ಗಿನ ಸುತ್ತ ಮುಷ್ಟಿಯ ಗುರುತಿದ್ದ ಮುಟಗಿಗಳು ಎಷ್ಟೋ ಬಂದವು. ಒಂಟಿ ಕಟ್ಟಬೇಡ, ಒಂಟಿ ಕಟ್ಟಬೇಡ. ಮಾವ ಅಂಥವನ್ನು ಓದಿ ಬೇಗ ಕೆಳಗಿಡುತ್ತಿರಲಿಲ್ಲ.

ಆಮೇಲೆ ಒಂದು ದಿನ ಮೊದಲನೇ ಚೌಕದಲ್ಲಿ ಗುದ್ದಲಿ ಹಿಡಿದವನೊಬ್ಬ ಕಾಲಿಗೆ ಏಟು ಮಾಡಿಕೊಂಡು "ಯವ್ವಾ" ಅಂದ. ಅಷ್ಟೇ. ಬಯಲಿಗೆ ಬಯಲೇ ಕೆಲಸ ನಿಲ್ಲಿಸಿತು. ಆ ಬಯಲಲ್ಲಿ ಮನುಷ್ಯನ ದನಿ ಅದೇ ಮೊದಲು ಕೇಳಿದ್ದು. ಅವನೇ ನೋವು ಮರೆತು ಬಾಯಿ ಮುಚ್ಚಿಕೊಂಡ. ಮುಟಗಿ ಪೂರಾ ಎತ್ತಿಯಾದ ಚೌಕದಲ್ಲಿ ಮಾತು ಬರುತ್ತದೆ, ಎತ್ತಿದ ಮುಟಗಿ ಎಲ್ಲಿದೆಯೋ ಅಲ್ಲಿ ಸುತ್ತ ಎರಡು ಮಾರು ಮಾತು ನಿಲ್ಲುತ್ತದೆ ಎಂಬುದು ನಾಲ್ಕು ದಿನದಲ್ಲಿ ಎಲ್ಲರಿಗೂ ಗೊತ್ತಾಯಿತು. ಅವನ್ನೆಲ್ಲ ಪೇರಿಸಿಟ್ಟ ತಗಡಿನ ಶೆಡ್ಡಿನಲ್ಲಿ ಸೀನಿದರೂ ಕೇಳುತ್ತಿರಲಿಲ್ಲ.

ಊರಿಗೆ ಹಬ್ಬ ಬಂದಂತಾಯಿತು. ಜನ ಬಂದು ಬಂದು ಅಗೆದ ಚೌಕದಲ್ಲಿ ಇಳಿದು ತಮ್ಮ ಹೆಸರು ತಾವೇ ಕೂಗಿಕೊಂಡು ಹೋದರು. ಕೆಲಸ ಮುಗಿದ ಮೇಲೆ ಅಲ್ಲೇ ಪ್ರದರ್ಶನ, ಸಭೆ, ಭಾಷಣ ಎಂದು ಪುರಸಭೆ ಅಧ್ಯಕ್ಷರು ಘೋಷಿಸಿದರು. ಮೈಕ್ ಹಾಕುವ ಕೆಲಸ ಶೇಖಪ್ಪನಿಗೆ ಬಂತು. ಹುಟ್ಟಿದಾಗಿನಿಂದ ತನ್ನ ಬಾಯಿ ಕಟ್ಟಿದ ಬಯಲಲ್ಲಿ ತಾನೇ ಮೈಕ್ ಕಟ್ಟುವುದೆಂದರೆ ಸುಮ್ಮನೆಯೇ. ಹೊಸ ಸ್ಪೀಕರ್ ತರಿಸಿದರು, ಬಡಾವಣೆಗೆಲ್ಲ ಪೇಡೆ ಹಂಚಿದರು. ನಾನು ಅವರ ಖುಷಿ ನೋಡಿ ಖುಷಿಪಟ್ಟೆ, ಸುಳ್ಳೇಕೆ ಹೇಳಲಿ. ಮಾವನ ಕಡೆ ನೋಡಿದ್ದು ಸ್ವಲ್ಪ ತಡವಾಯಿತು.

ಚೌಕ ಅಗೆದಂತೆಲ್ಲ ಮಾವ ಕೋಲೂರಿಕೊಂಡು ಮುಂದಿನ ಚೌಕಕ್ಕೆ ಸರಿಯುತ್ತಿದ್ದರು. ಅಗೆದ ಕಡೆಯಿಂದ ಜನ ಅವರನ್ನು ಕೂಗಿ ಮಾತಾಡಿಸುತ್ತಿದ್ದರು, ಉತ್ತರಕ್ಕೆ ಕಾಯುತ್ತಿದ್ದರು, ನೆನಪಾಗಿ ಮುಖ ಸಣ್ಣದು ಮಾಡಿಕೊಂಡು ಹೋಗುತ್ತಿದ್ದರು. ಕೈ ಹಿಡಿಯಲು ಬರುವ ಗೆಳೆಯರು ಕಡಿಮೆಯಾದರು. ಬಾಯಿ ಬಂದ ಮೇಲೆ ಬೆರಳು ಯಾರಿಗೆ ಬೇಕು. ಒಂದು ದಿನ ಮಾವನಿಗೇ ಗೊತ್ತಾಗದೆ ಅವರು ಕುಳಿತ ಜಾಗಕ್ಕೆ ಮಾತು ಬಂದಿತ್ತು. ಬುತ್ತಿ ತಂದ ನನಗೆ ಏನೋ ಹೇಳಲು ಬಾಯಿ ತೆರೆದರು. ಬಾ ಬಾ ಎಂಬ ದನಿ ಜೋರಾಗಿ ಹೊರಬಿತ್ತು. ಕೆಲಸದವರೆಲ್ಲ ತಿರುಗಿ ನೋಡಿದರು. ಮಾವ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡರು. ಆ ದಿನ ನನ್ನ ಜರಡಿ ನನಗೆ ಭಾರವಾಯಿತು. ಅವರಿಗಿದ್ದ ಒಂದೇ ಒಂದು ಜಾಗವನ್ನು ದಿನಗೂಲಿ ತೆಗೆದುಕೊಂಡು ಹಿಡಿಹಿಡಿಯಾಗಿ ಸಾಣಿಸಿ ಹಾಕಿದವಳು ನಾನೇ ಆಗಿದ್ದೆ.

ಕೊನೆಗೆ ಉಳಿದದ್ದು ಹನ್ನೆರಡನೇ ಚೌಕ. ಅಗೆತ ಶುರುವಾಗಬೇಕಾದ ದಿನ ಮಾವ ಅದರ ನಡುವೆ ಚಾಪೆ ಹಾಸಿ ಕುಳಿತಿದ್ದರು. ಏಳಲಿಲ್ಲ. ಮೇಡಂ ಬಂದು ಕೈಮುಗಿದರು, ಮಾವನೂ ಒಂದೇ ಕೈಯಲ್ಲಿ ನಮಸ್ಕಾರ ಮಾಡಿದರು, ಏಳಲಿಲ್ಲ. ಅಧ್ಯಕ್ಷರು ದಾರದ ಆಚೆ ನಿಂತು ಗಂಟಲು ಹರಿದುಕೊಂಡರು, ಸಿಟ್ಟಿನಲ್ಲಿ ದಾರ ದಾಟಿ ಒಳಗೆ ಬಂದರು. ಬೈಗಳೆಲ್ಲ ಬರೀ ತುಟಿಯಾಟವಾಯಿತು. ಅವರ ವೇದಿಕೆ ಬರಬೇಕಾದದ್ದು ಆ ಚೌಕದ ಮೇಲೆಯೇ.

ಯಾರೋ ಹೋಗಿ ಶೇಖಪ್ಪನನ್ನು ಕರೆತಂದರು. ಅವರು ದಾರದ ಆಚೆಯೇ ನಿಂತರು.

"ಅಪ್ಪಾ, ಏಳು. ಮಂದಿ ನೋಡಾಕತ್ತಾರ. ಮಗಾ ಮೈಕ್ ಹಚ್ಚೂ ಜಾಗಾದಾಗ ಅಪ್ಪನ ಅಡ್ಡ ಕುಂತ್ರ ನಾ ಯಾರಿಗೆ ಮುಖಾ ತೋರಿಸ್ಲಿ?"

ಮಾವ ಮಗನನ್ನು ನೋಡಿದರು. ಆಮೇಲೆ ಟವೆಲ್ಲನ್ನು ಹೆಗಲಿನಿಂದ ತೆಗೆದು ತೊಡೆಯ ಮೇಲೆ ಹರಡಿದರು. ಬಾ, ಕೈ ಕೊಡು ಎಂದು ಕರೆಯುವ ರೀತಿ ಅದು. ಶೇಖಪ್ಪ ಆ ಟವೆಲ್ಲನ್ನು ನೋಡಿದರು. ನನಗೆ ಅದೆಲ್ಲ ಬರುವುದಿಲ್ಲ ಎಂದು ಯಾರಿಗೋ ಹೇಳುವಂತೆ ಹೇಳಿ ಸ್ಕೂಟರ್ ಹತ್ತಿ ಹೋದರು.

ನಾನು ಜರಡಿ ಕೆಳಗಿಟ್ಟು ದಾರ ದಾಟಿದೆ. ಅವರ ಎದುರು ಕುಳಿತು ಟವೆಲ್ಲಿನ ಕೆಳಗೆ ಕೈ ಇಟ್ಟೆ. ಮನೆಗೆ ಹೋಗೋಣ ಎಂದೆ. ಮಾವ ಬಹಳ ನಿಧಾನಕ್ಕೆ, ಸಂತೆಯಲ್ಲಿ ದನ ಒಪ್ಪಿಸುವಾಗ ಹೇಳುವ ಕ್ರಮದಲ್ಲೇ, ಗುಣ ಹೇಳತೊಡಗಿದರು. ಹಳೇ ಎತ್ತು. ಹಲ್ಲು ಸವೆದಿವೆ. ಬಲಗಾಲು ಎಳೆಯುತ್ತದೆ. ನೊಗಕ್ಕೆ ಬಾರದು. ಒದೆಯುವುದಿಲ್ಲ, ಹಾಯುವುದಿಲ್ಲ. ಮೇವು ಕಡಿಮೆ ಸಾಕು. ಅಂಗೈಯನ್ನು ಒಮ್ಮೆ ಸವರಿದರು. ಆಮೇಲೆ ನನ್ನ ಕಿರುಬೆರಳನ್ನು ಮುಷ್ಟಿಯೊಳಗೆ ತೆಗೆದುಕೊಂಡರು. ಬಿಡಲೇ ಇಲ್ಲ. ಅವರು ಯಾವ ಎತ್ತಿನ ಮಾತು ಹೇಳುತ್ತಿದ್ದಾರೆಂದು ನನಗೆ ತಿಳಿದಾಗ ಕಣ್ಣು ತುಂಬಿ ಚೌಕವೇ ಕಾಣದಾಯಿತು. ನಾನು ಬಿಕ್ಕಿಬಿಕ್ಕಿ ಅತ್ತೆ. ಆ ಚೌಕದಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಅಳು ಮುಗಿದ ಮೇಲೆ ಎರಡು ಬೆರಳು ಕೂಡಿಸಿ ಅವರ ಅಂಗೈಯಲ್ಲಿ ಒತ್ತಿದೆ. ಮಾವ ಕೋಲು ಹುಡುಕಿಕೊಂಡು ಎದ್ದರು.

ಒತ್ತಿದ್ದೇನೋ ಒತ್ತಿದೆ, ಮಾಡುವುದೇನು ಎಂದು ಗೊತ್ತಿರಲಿಲ್ಲ. ಸಂಜೆ ಶೇಖಪ್ಪ ಬಂದಾಗ ಮಾವ ಪಡಸಾಲೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಉಣ್ಣುತ್ತಿದ್ದರು. ಎದ್ದು ಬಂದರಲ್ಲ, ಸದ್ಯ ಎಂದು ಇವರು ಅಂದಾಗ ನಾನು ಸುಮ್ಮನಿರಲಾರದೆ ಹೇಳಿದೆ.

"ಅವರ ಮಾತ ಹೋಗಿದ್ದು ಮೂರ ವರ್ಷದ ಹಿಂದ ಅಲ್ರೀ. ಬಯಲಾಗ ಮಂದಿ ಮಾತಾಡಾಕ ಹತ್ತಿದ್ರಲ್ಲ, ಅವತ್ತ ಹೋತು."

ಅಂದು ಇವರು ಉಂಡದ್ದು ಅರ್ಧ ರೊಟ್ಟಿ.

ಹನ್ನೆರಡನೇ ಚೌಕದ ಕೆಲಸ ಮುಗಿದ ದಿನ ರಿಜಿಸ್ಟರಿನಲ್ಲಿ ಮುಟಗಿಗಳ ಸಂಖ್ಯೆ ಮುನ್ನೂರ ಹನ್ನೆರಡಕ್ಕೆ ನಿಂತಿತು. ತೊಳೆದು ನಂಬರು ಹಾಕಿದ್ದನ್ನಷ್ಟೇ ಮಾವನಿಗೆ ಕೊಡುತ್ತಿದ್ದರಿಂದ ಓದಿದ್ದು ನಲವತ್ತು ಕೂಡ ಆಗಿರಲಿಲ್ಲ. ಹನ್ನೆರಡನೇ ಚೌಕದಿಂದ ಎದ್ದು ಬಂದ ಮೇಲೆ ಮಾವ ಬಯಲಿಗೆ ಬರುವುದನ್ನೇ ಬಿಟ್ಟಿ‌ದ್ದರು. ನಾನು ಮೇಡಂ ಬಿಡಾರಕ್ಕೆ ಹೋಗಿ ಒಂದು ಮುಟಗಿ ಕೊಡಿ ಎಂದು ಕೇಳಿದೆ. ಅದು ಸರ್ಕಾರದ್ದು, ಒಂದೊಂದಕ್ಕೂ ನಂಬರಿದೆ, ಯಾರಿಗೂ ಕೊಡುವ ಹಾಗಿಲ್ಲ ಎಂದರು. ನಾನು ಎದ್ದು ನಿಂತೆ, ಬಾಗಿಲವರೆಗೂ ಬಂದೆ. ಹಿಂದಿನಿಂದ ಕರೆದರು.

"ನೀಲಮ್ಮ, ಕೊಡೋ ಹಾಗಿಲ್ಲ. ಆದರೆ ಓದಿಸಬೇಕು. ಓದೋರು ಇಲ್ಲಿಗೆ ಬರೋ ಸ್ಥಿತಿಯಲ್ಲಿ ಇಲ್ಲ ಅಂದ್ರೆ ಅವರ ಮನೆಗೇ ಕಳಿಸಬಹುದು. ಒಂದೊಂದಾಗಿ, ಸಹಿ ತಗೊಂಡು. ಒಂದು ಓದೋಕೆ ಅವರಿಗೆ ಎಷ್ಟು ದಿನ ಬೇಕಾಗುತ್ತೆ?"

ಹದಿನೈದು ಮುಟಗಿ ಒಂದೇ ಬೆಳಿಗ್ಗೆ ಓದಿದಾಗ ಎದುರಿಗೆ ಕುಳಿತು ಬರೆದುಕೊಂಡವರು ಇದೇ ಮೇಡಂ. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ.

"ಮಾವಾರಿಗೆ ವಯಸ್ಸಾಗೇತ್ರಿ. ಒಂದಕ್ಕ ಒಂದ ತಿಂಗಳರ ಬೇಕ್ರಿ."

ಮೇಡಂ ನನ್ನ ಮುಖ ನೋಡಿದರು. ನಗಲಿಲ್ಲ. ಪೆನ್ನು ತೆಗೆದು ತಿಂಗಳಿಗೊಂದು ಎಂದು ಬರೆದು ಕೆಳಗೆ ಗೆರೆ ಎಳೆದರು. ದಾರಿಯಲ್ಲಿ ಬರುತ್ತ ನಾನು ಲೆಕ್ಕ ಹಾಕಿದೆ. ಮಾವನಿಗೀಗ ಎಪ್ಪತ್ತೇಳು. ಓದಿ ಮುಗಿಸುವ ಹೊತ್ತಿಗೆ ನೂರು ತುಂಬುತ್ತದೆ.

ಮೊದಲ ಮುಟಗಿಯನ್ನು ಎಲ್ಲರೂ ಉಣ್ಣುವ ನಡುಮನೆಯ ಗೋಡೆಯ ಗೂಡಿನಲ್ಲಿಟ್ಟೆ. ಅಂದು ಮಧ್ಯಾಹ್ನ ಶೇಖಪ್ಪ ಹೊಸ್ತಿಲಾಚೆಯಿಂದಲೇ ಯಾವುದೋ ಮದುವೆಯ ಸುದ್ದಿ ಹೇಳುತ್ತ ಒಳಗೆ ಬಂದವರು ಅರ್ಧ ಮಾತಿನಲ್ಲೇ ನಿಂತರು. ಬಾಯಿ ಆಡಿಸಿದರು, ಗಂಟಲು ಮುಟ್ಟಿಕೊಂಡರು, ಗೂಡಿನ ಕಡೆ ನೋಡಿದರು, ನನ್ನ ಕಡೆ ನೋಡಿದರು. ನಾನು ಪಡಸಾಲೆಗೆ ಹೋಗಿ ಮಾವನ ತಟ್ಟೆ ಎತ್ತಿ ತಂದು ನಡುಮನೆಯಲ್ಲಿಟ್ಟೆ. ಮಾವ ಬಂದರು. ಮೂರು ವರ್ಷದ ಮೇಲೆ ಎಲ್ಲರಿಗೂ ಎದುರಾಗಿ ಕುಳಿತರು. ಅನ್ನ ಜಾರಿತು, ನಾನು ಒರೆಸಿದೆ, ಉಂಡರು. ಶೇಖಪ್ಪ ಬೇಗ ಉಂಡು ಎದ್ದು ಅಂಗಳಕ್ಕೆ ಹೋಗಿ ಜೋರಾಗಿ ಕೆಮ್ಮಿದರು. ತನ್ನ ದನಿ ಇದೆಯೋ ಇಲ್ಲವೋ ಎಂದು ನೋಡಿಕೊಂಡಿರಬೇಕು. ಗೂಡಿನ ಮುಟಗಿ ತೆಗೆದಿಡು ಎಂದು ಮಾತ್ರ ಅವರು ಹೇಳಲಿಲ್ಲ.

ಬಯಲಲ್ಲಿ ಸಭೆಯಾಯಿತು. ಅಧ್ಯಕ್ಷರು ಒಂದೂವರೆ ಗಂಟೆ ಮಾತಾಡಿದರು. ಆ ಬಯಲಲ್ಲಿ ಮೊದಲ ಭಾಷಣ ಕೇಳಬೇಕೆಂದು ಬಂದ ಜನ ಅರ್ಧ ಗಂಟೆಗೆಲ್ಲ ಕರಗತೊಡಗಿದರು. ಈಗ ಅಲ್ಲಿ ಕ್ರಿಕೆಟ್ಟಿನ ತಕರಾರು ಪೊಲೀಸ್ ಠಾಣೆವರೆಗೂ ಹೋಗಿದೆ. ಜಗಳವಾಡಿದ ಗಂಡ ಹೆಂಡಿರು ಅಲ್ಲಿಗೆ ಹೋಗಿ ಇನ್ನೊಂದಿಷ್ಟು ಜಗಳವಾಡಿ ಬರುತ್ತಾರೆ. ಕೂಸುಗಳನ್ನು ಎತ್ತಿಕೊಂಡ ತಾಯಂದಿರು ದಾರಿ ಬದಲಿಸಿ ನಮ್ಮ ಮನೆಗೆ ಬರತೊಡಗಿದರು. ಮಾವನ ತೊಡೆಯ ಮೇಲೆ ಕೂಸು ಹಾಕಿ ಹತ್ತು ನಿಮಿಷ ಕೂರುತ್ತಾರೆ. ಹಳೇ ಗೆಳೆಯರಿಬ್ಬರು ಮಂಗಳವಾರ ತಪ್ಪದೇ ಬಂದು ಎಡಗೈ ಹಿಡಿಯುತ್ತಾರೆ.

ಎರಡನೇ ಮುಟಗಿ ಬಂದು ಹತ್ತು ದಿನವಾಗಿತ್ತು. ಮಧ್ಯಾಹ್ನದ ಊಟದ ಹೊತ್ತು. ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಶೇಖಪ್ಪ ಬಂದು ತಟ್ಟೆಯ ಮುಂದೆ ಕೂರುವ ಬದಲು ಮಾವನ ಪಕ್ಕದಲ್ಲಿ ಕುಳಿತರು. ಏನೂ ಹೇಳಲು ಬರದ ಜಾಗದಲ್ಲಿ ಏನೋ ಹೇಳಲಿಕ್ಕಿರುವವರಂತೆ ಸ್ವಲ್ಪ ಹೊತ್ತು ಮೊಣಕಾಲು ಅಲುಗಿಸಿದರು. ಆಮೇಲೆ ಅಪ್ಪನ ಹೆಗಲಿನಿಂದ ಟವೆಲ್ಲನ್ನು ತಾವೇ ಎಳೆದು, ತಮ್ಮ ತೊಡೆಯ ಮೇಲೆ ಹರಡಿ, ಅದರ ಕೆಳಗೆ ಕೈ ಇಟ್ಟು ಕಾದರು. ಮಾವ ಮಗನ ಮುಖವನ್ನೇ ನೋಡಿದರು. ಎಡಗೈಯನ್ನು ಟವೆಲ್ಲಿನ ಕೆಳಗೆ ಸೇರಿಸಿದರು.

ಟವೆಲ್ಲಿನ ಕೆಳಗೆ ಏನು ನಡೆಯಿತೆಂದು ನನಗೆ ಕಾಣಲಿಲ್ಲ, ಕಾಣಬಾರದೆಂದೇ ಟವೆಲ್ ಇರುವುದು. ಮೊದಲು ಮಾವನ ಕೈ ಆಡಿತು, ಬಹಳ ಹೊತ್ತು. ಆಮೇಲೆ ನಿಂತಿತು. ಆಮೇಲೆ ಶೇಖಪ್ಪನ ಕೈ ಒಂದೇ ಒಂದು ಸಲ ಅಲುಗಿತು. ಮಾವ ಕಣ್ಣು ಮುಚ್ಚಿದರು. ಹೆಂಚಿನ ಮೇಲಿನ ರೊಟ್ಟಿ ಹೊತ್ತಿದ ವಾಸನೆ ಬರುವವರೆಗೂ ನಾನು ನೋಡುತ್ತಲೇ ಇದ್ದೆ. ಇಬ್ಬರೂ ಕೈ ತೆಗೆಯಲಿಲ್ಲ.

ಊಟವಾದ ಮೇಲೆ ಶೇಖಪ್ಪ ಕೈ ತೊಳೆಯಲು ಅಂಗಳಕ್ಕೆ ಹೋದರು. ನಾನು ತಂಬಿಗೆ ಹಿಡಿದು ಹಿಂದೆಯೇ ಹೋದೆ. ಮಾತು ಬರುವ ಜಾಗಕ್ಕೆ ಬಂದ ಮೇಲೆ ನಾನೇ ಕೇಳಿದೆ.

"ನಿಮಗ ಬರೂದಿಲ್ಲ ಅಂತಿದ್ರಲ್ಲ?"

"ಸಣ್ಣಾಂವ ಇದ್ದಾಗ ನೋಡಿ ನೋಡಿ ಕಲ್ತಿದ್ದೆ" ಎಂದರು. ಅವರ ದನಿ ಅಷ್ಟು ಮೆತ್ತಗಿದ್ದದ್ದನ್ನು ನಾನು ಕೇಳಿರಲಿಲ್ಲ. "ಆವಾಗ ಅಪ್ಪನ ಕೈ ಖಾಲಿನ ಇರ್ತಿದ್ದಿಲ್ಲ. ಯಾವಾಗ ನೋಡಿದ್ರೂ ಮಂದಿ ಕೈಯಾಗ ಇರ್ತಿತ್ತು."

ನಾನು ನೀರು ಹಾಕಿದೆ. ಇವರು ಬೆರಳೊಂದೊಂದನ್ನೂ ತಿಕ್ಕಿ ತೊಳೆದುಕೊಂಡರು.

"ಈಗ ಏನ ಹೇಳಿದ್ರಿ?"

"ಜೋಡಿ ಐತಿ ಅಂದೆ."

ಮಾವ ಟವೆಲ್ ಕೊಡವಿ ಮಡಚುತ್ತಿದ್ದದ್ದು ಬಾಗಿಲಿನಿಂದ ಕಾಣುತ್ತಿತ್ತು. ಶೇಖಪ್ಪ ಒದ್ದೆ ಕೈಯನ್ನು ನನ್ನ ಸೆರಗಿಗೆ ಒರೆಸಿ ಮತ್ತೆ ಒಳಗೆ ಹೋದರು.